ಗುರುವಾರದ ಬಸ್ಸಿನ ಚಾಚಾ

ಕಂಡಕ್ಟರ್ ಚಾಚಾನ ಎಡ ಭುಜ ಬಲ ಭುಜಕ್ಕಿಂತ ಮೂರು ಬೆರಳು ಕೆಳಗಿತ್ತು. ಚರ್ಮದ ಚೀಲವನ್ನು ಮೂವತ್ತು ವರ್ಷ ತೂಗುಹಾಕಿಕೊಂಡು ಆದದ್ದು ಅದು. ನಿವೃತ್ತಿಗೆ ಇನ್ನೊಂದು ವರ್ಷ ಇರುವಾಗ ಲಕ್ವಾ ಹೊಡೆದು ಬಲಗಡೆಯದೂ ಜೋತುಬಿತ್ತು. ಆಮೇಲೆ ಯಾರಾದರೂ ಅವರ ಭುಜದ ಕಡೆ ನೋಡಿದರೆ ಸಾಕು, ತಾವೇ ಶುರು ಮಾಡುತ್ತಿದ್ದರು. "ಎಡಗಡೀದು ಸರಕಾರ ಇಳಿಸ್ತು, ಬಲಗಡೀದು ಅಲ್ಲಾ ಇಳಿಸ್ದ. ಈಗ ನೋಡ್ರಿ, ತಕ್ಕಡಿ ಸಮ ಆಗ್ಯಾದ." ಕೇಳಿದವರು ನಗಬೇಕೋ ಬೇಡವೋ ಎಂದು ತಡವರಿಸುತ್ತಿದ್ದರು. ಅವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಬಸವಕಲ್ಯಾಣದಲ್ಲಿ ನಮ್ಮ ಮನೆಯ ಹಿಂದಿನ ಓಣಿಯೇ ಅವರದು. ಹುಲಸೂರಿನಿಂದ ಕಲ್ಯಾಣದ ಮೇಲೆ ಹುಮನಾಬಾದಿಗೆ ಹೋಗುವ ಬಸ್ಸಿನ ಕಂಡಕ್ಟರ್. ನಾನು ಹುಮನಾಬಾದಿನ ಆಚೆ ಹುಡಗಿ ಎಂಬ ಊರಿನ ಸರಕಾರಿ ಶಾಲೆಯಲ್ಲಿ ಕನ್ನಡ ಟೀಚರ್. ಹುಮನಾಬಾದಿನವರೆಗೆ ದಿನಾ ಅವರದೇ ಬಸ್ಸು. ಆಗ ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ನಿಂತು "ಮುಂದ ನಡೀರಿ, ಮುಂದ ಖಾಲಿ ಅದ" ಎಂದು ಕೂಗುವುದು ಅವರ ಪದ್ಧತಿ. ನನ್ನ ನಾಲಿಗೆಯೂ ಸುಮ್ಮನಿರುವಂಥದ್ದಲ್ಲ. ಒಂದು ದಿನ ಎಲ್ಲರೆದುರು ಕೇಳಿಯೇಬಿಟ್ಟೆ, "ಇಷ್ಟು ಸುಳ್ಳು ಯಾಕ ಹೇಳ್ತೀರಿ ಚಾಚಾ?" ಅವರು ಟಿಕೆಟ್ ಮಷಿನ್‌ನಿಂದ ತಲೆಯನ್ನೂ ಎತ್ತಲಿಲ್ಲ. "ಸುಳ್ಳಲ್ರಿ ಅಕ್ಕೋರ, ಉಮೇದ್. ಆಸೆ ಇರಬೇಕಲ್ರಿ." ಬಸ್ಸೆಲ್ಲ ನಕ್ಕಿತು. ನಾನು ಸಿಟ್ಟಿನಿಂದ ಕಿಟಕಿಯ ಕಡೆ ತಿರುಗಿ ಕೂತೆ.

ಅವರಿಗೆ ಲಕ್ವಾ ಹೊಡೆದದ್ದು ಓಡುವ ಬಸ್ಸಿನಲ್ಲೇ. ರಾಜೇಶ್ವರ ದಾಟಿದ ಮೇಲೆ ಟಿಕೆಟ್ ಕೊಡುತ್ತ ಕೊಡುತ್ತ ಒಬ್ಬ ಹೆಂಗಸಿನ ಬುಟ್ಟಿಯ ಮೇಲೆ ಕುಸಿದರು. ಡ್ರೈವರ್ ಎಲ್ಲಿಯೂ ನಿಲ್ಲಿಸದೆ ಬಸ್ಸನ್ನು ನೇರ ಹುಮನಾಬಾದಿನ ದವಾಖಾನೆಗೆ ಒಯ್ದ. ಜೀವ ಉಳಿಯಿತು, ಮಾತು ಹೋಯಿತು. ಮೂರು ತಿಂಗಳು ಒಂದಕ್ಷರವಿಲ್ಲ. ಆಮೇಲೆ ಒಂದು ಮುಂಜಾನೆ ಚಾಚಿ ಒಲೆಯ ಮುಂದೆ ಕೂತಿದ್ದಾಗ ಮಂಚದ ಮೇಲಿಂದ ದನಿ ಕೇಳಿತಂತೆ: "ಹುಲಸೂರ, ಕಲ್ಯಾಣ, ಸಸ್ತಾಪುರ ಬಂಗ್ಲಾ, ರಾಜೇಶ್ವರ, ಹುಮನಾಬಾದ." ಚಾಚಿ ಇದನ್ನು ಹೇಳುವಾಗಲೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಜೊತೆಗೇ ದೂರನ್ನೂ ಸೇರಿಸುತ್ತಿದ್ದಳು. "ನಲವತ್ತು ವರ್ಷ ರೊಟ್ಟಿ ಬಡದು ಹಾಕಿದಾಕಿ ನಾನು. ಇವ್ರಿಗಿ ಮೊದಲ ನೆನಪಾಗಿದ್ದು ಹುಲಸೂರ."

ಆ ಐದು ಊರುಗಳನ್ನು ಹಿಡಿದುಕೊಂಡೇ ಚಾಚಾ ಉಳಿದ ಮಾತುಗಳನ್ನು ಒಂದೊಂದಾಗಿ ವಾಪಸು ತಂದರು. ಮನುಷ್ಯರ ಹೆಸರು ಮಾತ್ರ ಕೊನೆಯವರೆಗೂ ಸರಿಯಾಗಿ ಬರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ, ಯಾರು ಎಲ್ಲಿ ಬಸ್ಸು ಹತ್ತುತ್ತಾರೋ ಅದೇ ಅವರ ಹೆಸರು. "ರಾಜೇಶ್ವರಕ್ಕ ಜ್ವರ ಬಂದಾವಂತ" ಎಂದರೆ ಅಲ್ಲಿ ಹತ್ತುವ, ಗಾರೆ ಕೆಲಸದ ಗೌಂಡಿಗೆ ಜ್ವರ ಎಂದು ಓಣಿಯವರೆಲ್ಲರಿಗೂ ಗೊತ್ತಾಗುತ್ತಿತ್ತು.

ತನಗೆ ಮಾತು ಕೊಟ್ಟದ್ದು ಬಸ್ಸು, ಹಾಗಾದರೆ ಬೇರೆಯವರಿಗೂ ಬಸ್ಸೇ ಕೊಡಬೇಕು ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತು. ಯಾರ ಮನೆಯಲ್ಲಿ ಲಕ್ವಾ ಹೊಡೆದಿದೆ, ಯಾರು ಮೋಟರ್‌ಸೈಕಲ್ ಮೇಲಿಂದ ಬಿದ್ದು ತಲೆಗೆ ಪೆಟ್ಟಾಗಿ ಮನೆಯಲ್ಲಿದ್ದಾರೆ ಎಂಬುದನ್ನು ಆಟೋದವರು ತಂದು ಹೇಳುತ್ತಿದ್ದರು. ಅಂಥ ಮೂರು ನಾಲ್ಕು ಮಂದಿಯನ್ನು ಕಟ್ಟಿಕೊಂಡು ಪ್ರತಿ ಗುರುವಾರ ಹತ್ತು ಗಂಟೆಯ ಬಸ್ಸಿಗೆ ಹುಮನಾಬಾದಿಗೆ ಹೋಗುವುದು, ಅಲ್ಲಿಂದ ಆಟೋದಲ್ಲಿ ಮಾಣಿಕನಗರ, ಅಲ್ಲಿ ಚಹಾ, ಸಂತೆಯಂಥ ಗದ್ದಲದಲ್ಲಿ ಒಂದಿಷ್ಟು ಓಡಾಟ, ತಿರುಗಿ ಮನೆ. ಗುರುವಾರ ಅಲ್ಲಿಯ ಗುಡಿಯಲ್ಲಿ ಪ್ರಭುಗಳ ದರ್ಶನಕ್ಕೆ ಜನ ಹೆಚ್ಚು. ಚಾಚಾಗೆ ಬೇಕಾದದ್ದೂ ಅದೇ. "ಮನ್ಯಾಗ ಕುಂತ್ರ ಗ್ವಾಡಿ ಜೋಡಿ ಮಾತಾಡಬೇಕು. ಮಂದ್ಯಾಗ ಬೀಳಬೇಕ್ರಿ" ಎನ್ನುತ್ತಿದ್ದರು. ಇದಕ್ಕೊಂದು ಸಂಘವಿಲ್ಲ, ಬೋರ್ಡಿಲ್ಲ. ಯಾರಾದರೂ ಏನಿದು ಎಂದು ಕೇಳಿದರೆ "ಬಸ್ಸಿಗಿ ಹೋಗಿ ಬರ್ತೀವ್ರಿ, ಅಷ್ಟ" ಎಂದು ಮುಗಿಸಿಬಿಡುತ್ತಿದ್ದರು.

ಆ ಬಸ್ಸಿಗೆ ನಾನೂ ಒಂದು ದಿನ ಹತ್ತುತ್ತೇನೆಂದು ಯಾರು ತಿಳಿದಿದ್ದರು! ಸಸ್ತಾಪುರ ಬಂಗ್ಲಾದ ಹತ್ತಿರ ನಾಯಿ ಅಡ್ಡ ಬಂದು, ನಮ್ಮ ಮನೆಯವರ ಮೋಟರ್‌ಸೈಕಲ್ ಹಿಂದೆ ಕೂತಿದ್ದ ನಾನು ಎತ್ತಿ ಬಿಸಾಕಿದಂತೆ ರಸ್ತೆಗೆ ಬಿದ್ದೆ. ತಲೆಗೆ ಏನೂ ಹಾಕಿಕೊಂಡಿರಲಿಲ್ಲ. ಸೊಲ್ಲಾಪುರದಲ್ಲಿ ಆಪರೇಷನ್ ಆಯಿತು. ಕೈಕಾಲು ಬೇಗ ಚೇತರಿಸಿಕೊಂಡವು. ಮಾತು ಬರಲಿಲ್ಲ. ಎದುರಿಗೆ ಇಟ್ಟದ್ದು ತಂಬಿಗೆ ಎಂದು ಗೊತ್ತು, ಅದರಲ್ಲಿ ನೀರಿದೆ ಎಂದು ಗೊತ್ತು, ಬಾಯಿ ತೆರೆದರೆ ಆ ಎರಡೂ ಶಬ್ದಗಳು ಇಲ್ಲ. ಹದಿನೆಂಟು ವರ್ಷ ಮಕ್ಕಳಿಗೆ ಸಮಾನಾರ್ಥಕ ಪದ ಬರೆಸಿದವಳು ನಾನು.

ನೋಡಲು ಬಂದವರು ನಾನು ಕಿವುಡಿ ಎಂಬಂತೆ ಜೋರಾಗಿ ಕೂಗಿ ಮಾತನಾಡುತ್ತಿದ್ದರು, ಇಲ್ಲವೇ ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ತಮ್ಮ ತಮ್ಮಲ್ಲೇ. ಪಾರಿವಾಳದ ಸಾರು ಕುಡಿಸಲು ಹೇಳಿದವರು ಮೂವರು. ಒಬ್ಬಾಕೆ ನನ್ನ ಪಕ್ಕದಲ್ಲೇ ಕೂತು "ಈಕಿಗಿ ಚಹಾ ನಡೀತದೇನ್ರಿ?" ಎಂದು ನಮ್ಮ ಮನೆಯವರನ್ನು ಕೇಳಿದಳು. ನಮ್ಮ ಮನೆಯವರು ಒಳ್ಳೆಯವರು, ಅವರ ಒಳ್ಳೆಯತನವೇ ನನಗೆ ಉರುಳಾಗಿತ್ತು. ನಾನು ಬಾಯಿ ತೆರೆಯುವುದರೊಳಗೆ ನನ್ನ ಮಾತನ್ನು ತಾವೇ ಆಡಿ ಮುಗಿಸುತ್ತಿದ್ದರು. ನೀರು ಬೇಕೆಂದರೆ ಚಹಾ, ಕಿಟಕಿ ತೆರೆಯಬೇಕೆಂದರೆ ಹೊದಿಕೆ. ಒಂದು ದಿನ ತಾಳಲಾರದೆ ಹಿತ್ತಾಳೆ ತಂಬಿಗೆ ಎಸೆದೆ. ಅವರು ಅಳುತ್ತ ನೆಲ ಒರೆಸಿದರು.

ನನ್ನ ರಜೆ ನಾಲ್ಕು ತಿಂಗಳು ಉಳಿದಿತ್ತು. ಅಷ್ಟರೊಳಗೆ ನಾನು ಶಾಲೆಗೆ ಮರಳಬೇಕು, ಇಲ್ಲವಾದರೆ ನೌಕರಿ ಬಿಡಬೇಕು. ಹಿತೈಷಿಗಳು ಹೇಳಿದರೆಂದು ನಮ್ಮ ಮನೆಯವರು ಸ್ವಯಂ ನಿವೃತ್ತಿಯ ಅರ್ಜಿಯನ್ನು ತುಂಬಿ ತಂದು ಟಿವಿಯ ಕೆಳಗೆ ಇಟ್ಟಿದ್ದರು. ನನ್ನ ಸಹಿಯೊಂದೇ ಬಾಕಿ.

ಚಾಚಾ ಬಂದದ್ದು ಆ ವಾರವೇ. ಕುರ್ಚಿಯನ್ನು ಎಳೆದು ನನ್ನ ಎದುರಿಗೆ ಹಾಕಿಕೊಂಡರು. ನನ್ನ ಮನೆಯಲ್ಲೇ ನನ್ನನ್ನು ಕೇಳಿದರು, "ಅಕ್ಕೋರ, ಏನು ಕುಡೀತೀರಿ? ಚಹಾನೋ, ನೀರೋ?"

"ಆಕಿ ಚಹಾ..." ಎಂದು ನಮ್ಮ ಮನೆಯವರು ಶುರು ಮಾಡಿದರು. ಚಾಚಾ ಬಸ್ಸು ನಿಲ್ಲಿಸುವವರಂತೆ ಕೈ ಎತ್ತಿದರು. "ತಡೀರಿ ಸಾಹೇಬ್ರ. ಪ್ಯಾಸೆಂಜರ್ ಇಳ್ಯಾಕತ್ತಾರ."

ಫ್ಯಾನು ತಿರುಗುತ್ತಿತ್ತು. ನಾನು ತಡಕಾಡಿದೆ. ಚಾಚಾ ನನ್ನ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ, ಅಯ್ಯೋ ಎನ್ನಲಿಲ್ಲ, ತಲೆಯಾಡಿಸಿ ಹುರಿದುಂಬಿಸಲೂ ಇಲ್ಲ. ಮುದುಕಿಯೊಬ್ಬಳು ಗಂಟುಮೂಟೆ ಸಮೇತ ಮೆಟ್ಟಿಲಿಳಿಯುವವರೆಗೆ ಬಸ್ಸು ನಿಲ್ಲುವುದಿಲ್ಲವೇ, ಹಾಗೆ ಕೂತಿದ್ದರು. ಎಷ್ಟು ಹೊತ್ತಾಯಿತೋ. "ನೀ... ರು" ಎಂದೆ. ಬಿದ್ದ ದಿನದಿಂದ ನನ್ನ ಮಾತಿಗಾಗಿ ಅಷ್ಟು ಹೊತ್ತು ಕಾದವರು ಯಾರೂ ಇರಲಿಲ್ಲ. ನಮ್ಮ ಮನೆಯವರು ಓಡಿಹೋಗಿ ತಂಬಿಗೆಯ ತುಂಬ ನೀರು ತಂದುಕೊಟ್ಟರು.

ಹೋಗುವ ಮುಂಚೆ ಚಾಚಾ ಆ ಅರ್ಜಿಯನ್ನು ನೋಡಿದರು. "ಇದು ಯಾರು ತುಂಬ್ಯಾರ?"

"ನಾನ ತುಂಬೀನ್ರಿ. ಹುಡುಗ್ರು ನಗ್ತಾವ ಚಾಚಾ. ಆಕಿಗಿ ತಡಕೊಳ್ಳಾಕ ಆಗಂಗಿಲ್ಲ."

"ಇಳಿಯೋರು ತಾವ ಹೇಳಬೇಕ್ರಿ. ಬಾಜೂಕ ಕುಂತವ್ರು ಹೇಳಬಾರ್ದು. ಗುರುವಾರ ಇವ್ರನ್ನ ಬಸ್ಸಿಗಿ ಕರಕೊಂಡು ಬರ್ರಿ."

ಆ ಬಸ್ಸಿನಲ್ಲಿ ಚಾಚಾನ ಕಾನೂನು ಎರಡೇ. ಮನೆಯವರು ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂಡಬೇಕು. ಮತ್ತೆ, ಯಾರ ಬಾಯಿಯ ಮಾತನ್ನೂ ಯಾರೂ ಕಸಿದುಕೊಳ್ಳಬಾರದು. ನನ್ನ ಜೊತೆಗೆ ಹುಲಸೂರಿನ ಲಕ್ವಾದ ಅಜ್ಜಿ ಇದ್ದಳು, ಕಟ್ಟಡದ ಸಾರುವೆಯಿಂದ ಬಿದ್ದು ತಲೆಗೆ ಪೆಟ್ಟಾದ ರಾಜೇಶ್ವರದ ಗೌಂಡಿ ಇದ್ದ. ಹೆಂಗಸರಿಗೆ ಬಸ್ಸು ಉಚಿತವಾದರೂ ಟಿಕೆಟ್ ಪಡೆಯಲೇಬೇಕು, ಇಳಿಯುವ ಊರು ಹೇಳಲೇಬೇಕು. ಆ ದಾರಿಯ ಕಂಡಕ್ಟರುಗಳೆಲ್ಲ ಚಾಚಾನ ಕೈಕೆಳಗೆ ಕಲಿತವರು. ನನ್ನ ಟಿಕೆಟ್ ತೆಗೆದು ಕೈಯಲ್ಲೇ ಹಿಡಿದು ನಿಲ್ಲುತ್ತಿದ್ದರು, ನಾನು ಊರು ಹೇಳುವವರೆಗೆ ಕೊಡುತ್ತಿರಲಿಲ್ಲ. ಮೂರು ಗುರುವಾರ ಹುಮನಾಬಾದ ಬಂದೇ ಬಿಟ್ಟಿತು, ನನ್ನ ಬಾಯಿಂದ ಹುಮನಾಬಾದ ಬರಲಿಲ್ಲ. ಮೂರನೆಯ ವಾರ ನಾನು ಇನ್ನು ಬರುವುದಿಲ್ಲ ಎಂದು ಕೈಬೀಸಿ ಹೇಳಿದೆ. "ಬರಬ್ಯಾಡ್ರಿ. ಮುಂದಿನ ಗುರುವಾರ ಹತ್ತಕ್ಕ ಬಸ್ಸು" ಎಂದರು ಚಾಚಾ.

ನಾಲ್ಕನೆಯ ವಾರ ಅವರು ನನ್ನ ಪಕ್ಕದಲ್ಲಿ ನಿಂತು ತಮ್ಮ ಹಳೆಯ ರಾಗದಲ್ಲಿ ಶುರು ಮಾಡಿದರು, ಹುಲಸೂರ, ಕಲ್ಯಾಣ, ಸಸ್ತಾಪುರ ಬಂಗ್ಲಾ. ಮೊದಲನೆಯ ತರಗತಿಯ ಮಕ್ಕಳು ಮಗ್ಗಿಯಲ್ಲಿ ದನಿಗೂಡಿಸುವಂತೆ ನಾನೂ ದನಿಗೂಡಿಸಿದೆ. ರಾಜೇಶ್ವರದ ನಂತರ ಅವರು ತಟ್ಟನೆ ನಿಲ್ಲಿಸಿದರು. ನನ್ನ ದನಿ ನಿಲ್ಲಲಿಲ್ಲ. "ಹುಮನಾಬಾದ." ಕಂಡಕ್ಟರ್ "ತಗೋರಿ" ಎಂದು ಟಿಕೆಟ್ ಕೊಟ್ಟು ಮುಂದೆ ಹೋದ. ನನಗೆ ಕಣ್ಣೀರು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ಸಮಾಧಾನ ಹೇಳಿದಳು, "ಅಳಬ್ಯಾಡ್ರೀ, ಆಧಾರ್ ಮರೆತು ಬಂದೀರೇನು? ಕಂಡಕ್ಟರ್ ನಮ್ಮೂರ ಮಂದಿ ಅದಾರ, ನಡೀತದ."

ಹಾಗೆಂದು ಎಲ್ಲವೂ ಸರಿಯಾಯಿತು ಎಂದಲ್ಲ. ನನಗೆ ಹುಮನಾಬಾದ ಬೇಕೆಂದರೆ ಹುಲಸೂರಿನಿಂದಲೇ ಹೊರಡಬೇಕಿತ್ತು. ಸರದಿ ಬಿಟ್ಟರೆ ಒಂದೂ ಊರು ಬಾಯಿಗೆ ಬರುತ್ತಿರಲಿಲ್ಲ. ಗೌಂಡಿಗೂ ಅಜ್ಜಿಗೂ ಅದೇ ಪಾಡು. ತಿರುಗಿ ಬರುವಾಗ ಚಾಚಾ ಒಂದು ಮಾತೂ ಆಡದೆ ಕಣ್ಣು ಮುಚ್ಚಿ ಕೂಡುತ್ತಿದ್ದರು. ವಯಸ್ಸಾಗಿದೆ, ದಣಿದಿದ್ದಾರೆ ಎಂದುಕೊಳ್ಳುತ್ತಿದ್ದೆವು.

ಒಂದು ಗುರುವಾರ ಮನೆಯವರು ಯಾರೂ ಬಂದಿರಲಿಲ್ಲ, ಚಾಚಾನೇ ನಮ್ಮನ್ನು ಕರೆತಂದಿದ್ದರು. ತಿರುಗಿ ಹೊರಡಲು ಹುಮನಾಬಾದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದೆವು. ಕಂಡಕ್ಟರ್ ಬೇರೆ ಡಿಪೋದಿಂದ ಬಂದ ಹೊಸಬ. "ಎಲ್ಲಿಗ್ರಿ?" ಎಂದು ಚಾಚಾನನ್ನು ಕೇಳಿದ. ಚಾಚಾ ಬಾಯಿ ತೆರೆದರು. ಏನೂ ಬರಲಿಲ್ಲ. ಹಣೆಯ ಮೇಲೆ ಬೆವರು ಮೂಡಿತು. "ಲಗೂ ಹೇಳ್ರೀ ಮಾಮು, ಬಸ್ಸು ಹೊಂಟದ." ಚಾಚಾ ನನ್ನ ಕಡೆ ನೋಡಿದರು. ಮೂವತ್ತು ವರ್ಷ ಆ ದಾರಿಯಲ್ಲಿ ಊರು ಕೂಗಿದವರು ಹಾಗೆ ನೋಡಿದ್ದನ್ನು ನಾನು ಮರೆಯಲಾರೆ. ನಾನು ಸಹಾಯಕ್ಕೆ ಹೋದೆ. ಕಲ್ಯಾಣ ಎನ್ನಬೇಕು, ಆದರೆ ನನ್ನ ಸರದಿ ಶುರುವಾಗುವುದೇ ಹುಲಸೂರಿನಿಂದ. "ಹುಲಸೂರ" ಎಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಆತ ತೀರ್ಪು ಕೊಟ್ಟ. "ಇದು ಹುಲಸೂರಕ್ಕ ಹೋಗಂಗಿಲ್ರಿ, ಕಲ್ಯಾಣದ ತನಕ ಅಷ್ಟ. ಇಳೀರಿ, ಹಿಂದಿಂದು ಬರ್ತದ." ಅಜ್ಜಿಯ ಊರು ಹುಲಸೂರೇ. ಆಕೆ ಹೌದು ಹೌದೆಂದು ತಲೆಯಾಡಿಸಿ ಎಲ್ಲರಿಗಿಂತ ಮೊದಲು ಇಳಿದಳು. ಆಕೆಯೊಬ್ಬಳನ್ನೇ ಬಿಡುವಂತಿಲ್ಲ, ಅವಳ ಹಿಂದೆ ನಾವು ಮೂವರೂ ಇಳಿದೆವು. ನಾವು ಹೋಗಬೇಕಾದ ಬಸ್ಸು ನಮ್ಮ ಕಣ್ಣೆದುರೇ ಹೋಯಿತು.

ಕಲ್ಲುಬೆಂಚಿನ ಮೇಲೆ ಕೂತು ಚಾಚಾ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಹೋಗೋ ದಾರಿ ದಿಮಾಗಿನಾಗ ಅದ ಬೇಟಾ. ತಿರುಗಿ ಬರೋ ದಾರಿ ಅಳಿಸಿ ಹೋಗ್ಯಾದ. ಮಂದಿಗಿ ಊರ ಹೆಸರು ಹಿಡದು ಕರೀತೀನಿ ಖರೆ, ಬರೋ ಬಸ್ಸಿನಾಗ ಟಿಕೆಟ್ ಕೇಳಿದ್ರ ಒಂದೂ ಬರಂಗಿಲ್ಲ. ಹಳೇ ಹುಡುಗ್ರು ಕೇಳಲಾರ್ದ ಟಿಕೆಟ್ ಕೊಡ್ತಾರ, ಹಂಗಾಗಿ ನಡ್ಕೊಂಡು ಬಂತು. ಚಾಚಿಗೂ ಹೇಳಿಲ್ಲ ನಾನು." ಟೋಪಿಯ ಅಂಚು ಸವರುತ್ತ ಹೇಳಿದರು, "ಮಂದಿಗಿ ಕಲಿಸ್ತೀನಿ ಅಂತ ತಿರಗ್ತೀನಿ, ನಾಚಿಕಿ ಬರ್ತದ."

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಈಗಲೂ ತಿಳಿಯದು. ಆ ಹೊಸ ಕಂಡಕ್ಟರನ ಮೇಲೋ, ತಲೆಯೊಳಗಿನ ಅಳಿಸಿದ ದಾರಿಯ ಮೇಲೋ. ಆ ಸಿಟ್ಟಿನಲ್ಲೇ ಬಾಯಿಂದ ಹೊರಬಿತ್ತು, "ನಾ ಕಲಿಸ್ತೀನಿ." ಯಾವ ಸರದಿಯನ್ನೂ ಹಿಡಿಯದೆ, ಯಾರೂ ದನಿಗೂಡಿಸದೆ ಬಂದ ನನ್ನ ಮೊದಲನೆಯ ವಾಕ್ಯ ಅದು. ಇದೆಲ್ಲ ಚಾಚಾ ಬೇಕೆಂದೇ ಆಡಿದ ನಾಟಕ ಎಂದು ಆಮೇಲೆ ಕೆಲವರು ಹೇಳಿದ್ದುಂಟು. ಅವರು ಆ ಬೆವರನ್ನು ನೋಡಿಲ್ಲ.

ಮರುದಿನ ಸಂಜೆಯಿಂದ ನಮ್ಮ ಮನೆಯ ಕಟ್ಟೆಯೇ ಶಾಲೆ. ಪಾಟಿಯ ಮೇಲೆ ಐದು ಊರು ಬರೆದೆ. ಮಗ್ಗಿಯನ್ನು ಉಲ್ಟಾ ಕಲಿಸುವಾಗ ನಾನು ಕೊನೆಯ ಎರಡರಿಂದ ಶುರು ಮಾಡಿಸುತ್ತಿದ್ದೆ. ಇಲ್ಲಿಯೂ ಮೊದಲು ಹುಮನಾಬಾದ, ರಾಜೇಶ್ವರ, ಅಷ್ಟೇ. ಚಾಚಾನಂಥ ದಡ್ಡ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ರಾಜೇಶ್ವರಕ್ಕೆ ಬಂದವರೇ ಮತ್ತೆ ಹುಮನಾಬಾದಿಗೆ ಜಾರುತ್ತಿದ್ದರು. ಮೇಲಾಗಿ ಕಳ್ಳಾಟ, ಪಾಟಿಯನ್ನು ಓರೆಗಣ್ಣಿನಿಂದ ನೋಡುವುದು. ನಾನು ಪಾಟಿ ಬೋರಲು ಹಾಕುತ್ತಿದ್ದೆ. "ಮತ್ತ ತಪ್ಪು. ಮತ್ತ ಹೇಳ್ರಿ. ನೋಡಬ್ಯಾಡ್ರಿ." ಬೈಯುತ್ತ ಬೈಯುತ್ತ ನನಗೆ ಮಾತು ಕೂಡಿಬರತೊಡಗಿತು. ಒಂದು ಸಂಜೆ ಬೈಗುಳಕ್ಕೆ ಬೈಗುಳ ಸೇರಿ ಮೂರು ವಾಕ್ಯವಾಯಿತು. ಚಾಚಾ ಖುಷಿಯಿಂದ ಒಳಗೆ ಕೂಗಿ ಹೇಳಿದರು, "ಸಾಹೇಬ್ರ, ಕೇಳ್ರಿ, ಅಕ್ಕೋರ ಬೈಯಾಕತ್ತಾರ. ಅಂದ್ರ ಆರಾಮ ಆಗಾಕತ್ತಾರ." ಚಾಚಿಗೂ ಗುಟ್ಟು ಗೊತ್ತಾಗಿ ಹೋಯಿತು. ಆಕೆ ನಕ್ಕಳು, ದಿನಾ ಇಬ್ಬರಿಗೂ ಚಹಾ ಕಳಿಸಿದಳು.

ರಜೆ ಮುಗಿಯಲು ಹತ್ತು ದಿನ ಇದ್ದಾಗ ನಮ್ಮ ಮನೆಯವರು ಅರ್ಜಿ ತಂದು ನನ್ನ ಎದುರಿಗೆ ಕೂತರು. "ಏನು ಮಾಡೂಣು?" ಎಂದರು, ಬಾಯಿ ಮುಚ್ಚಿ ಕಾದರು. ಅವರು ಅಷ್ಟು ಹೊತ್ತು ಸುಮ್ಮನೆ ಕೂತದ್ದು ನಮ್ಮ ಮದುವೆಯಾದ ಮೇಲೆ ಅದೇ ಮೊದಲು. "ಸಾಲಿಗಿ ಹೋಗ್ತೀನಿ" ಎಂದೆ. ಅವರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಅದನ್ನು ಏನು ಮಾಡಿದರೆಂದು ನಾನು ಕೇಳಿಲ್ಲ.

ಶಾಲೆಯ ಮೊದಲ ದಿನ ಚಾಚಾ ಹುಡಗಿಯವರೆಗೂ ನನ್ನ ಜೊತೆ ಬಂದರು. ಹೆಡ್‌ಮಾಸ್ತರರ ಅನುಮತಿ ಕೇಳಿ ಆರನೆಯ ತರಗತಿಯ ಬಾಗಿಲಲ್ಲಿ ನಿಂತು ಮಕ್ಕಳಿಗೆ ಹೇಳಿದರು. "ನಿಮ್ಮ ಟೀಚರ್ ಹಳೇ ಟೀಚರೇ ಅದಾರ. ಮಾತು ಜರಾ ಲೇಟಾಗಿ ಬರ್ತಾವ. ಬಸ್ಸು ಲೇಟಾದ್ರ ನೀವು ನಡ್ಕೊಂಡು ಹೋಗ್ತೀರೇನು? ಕುಂತು ಕಾಯ್ತೀರಿ. ಹಂಗ ಕಾಯ್ರಿ."

ಹಾಜರಿ ಪುಸ್ತಕ ತೆಗೆದೆ. ಏಳನೆಯ ಹೆಸರಿನ ಹತ್ತಿರ ನಿಂತುಹೋಯಿತು. ಅಕ್ಷರ ಕಾಣುತ್ತದೆ, ಹುಡುಗಿ ಎದುರಿಗೇ ಇದ್ದಾಳೆ, ಹೆಸರು ಇಲ್ಲ. ಆಕೆ ತಡೆಯಲಾರದೆ ತನ್ನ ಹೆಸರನ್ನು ತಾನೇ ಹೇಳಲು ಬಾಯಿ ತೆರೆದಳು. ಪಕ್ಕದವಳು ಆ ಬಾಯಿಯನ್ನು ಗಪ್ಪನೆ ಕೈಯಿಂದ ಮುಚ್ಚಿದಳು. ನಲವತ್ತು ಮಕ್ಕಳ ತರಗತಿಯಲ್ಲಿ ಒಂದೂ ನಗು ಇಲ್ಲ. ಹೆಸರು ಬಂತು. "ಪ್ರೆಸೆಂಟ್ ಟೀಚರ್" ಎಂದು ಆ ಹುಡುಗಿ ಇಡೀ ಶಾಲೆಗೆ ಕೇಳುವಂತೆ ಕೂಗಿದಳು. ನಾನು ತಿರುಗಿ ನೋಡಿದಾಗ ಬಾಗಿಲಲ್ಲಿ ಚಾಚಾ ಇರಲಿಲ್ಲ.

ಅಂದು ಅವರು ಒಬ್ಬರೇ ಊರಿಗೆ ಮರಳಿದ್ದರು. ಸಂಜೆ ಕೇಳಿದೆ, "ಕಂಡಕ್ಟರ್ ಯಾರಿದ್ರು?"

"ಆ ಹೊಸಬ ಅದಾನಲ್ಲ, ಅಂವ."

"ಮತ್ತ?"

"ಕಲ್ಯಾಣ ಅಂದ್ನಿ."

"ಅಂವ ಏನಂದ?"

"ಏನಂತಾನ, ಟಿಕೆಟ್ ಕೊಟ್ಟ" ಎಂದರು. ಆ ದಿನ ಚಹಾಕ್ಕೆ ಎರಡು ಬಿಸ್ಕತ್ತು ಹೆಚ್ಚು ತಿಂದರು.

ಅದಾದ ಮೇಲೆ ಚಾಚಾ ಹೆಚ್ಚು ದಿನ ಇರಲಿಲ್ಲ. ಈ ಚಳಿಗಾಲದ ಒಂದು ಬೆಳಗ್ಗೆ ಎರಡನೆಯ ಸಲ ಲಕ್ವಾ ಹೊಡೆಯಿತು. ದವಾಖಾನೆಗೆ ಒಯ್ಯುವಷ್ಟೂ ಸಮಯ ಕೊಡಲಿಲ್ಲ.

ಮೂರನೆಯ ದಿನ ಬೆಳಗ್ಗೆ ಚಾಚಿಯ ಮನೆಗೆ ಹೋದೆ. ಹೆಂಗಸರು ತುಂಬಿದ್ದರು, ಒಬ್ಬೊಬ್ಬರೂ ಒಂದೊಂದು ಮಾತು ಹೇಳಿ ಏಳುತ್ತಿದ್ದರು. ನನ್ನ ಸರದಿ ಬಂದಾಗ ನನ್ನ ಬಾಯಲ್ಲಿ ಏನೂ ಇರಲಿಲ್ಲ. ಬಿದ್ದ ಹೊಸತರಲ್ಲಿ ಹೇಗಿತ್ತೋ ಹಾಗೆ, ಪೂರ್ತಿ ಖಾಲಿ. ಓಣಿಯ ಒಬ್ಬ ಹೆಂಗಸು ಕನಿಕರದಿಂದ ನನ್ನ ಪರವಾಗಿ ಶುರು ಮಾಡಿದಳು, "ಟೀಚರಿಗಿ ಭಾಳ ದುಃಖ ಆಗ್ಯಾದ..." ಚಾಚಿ ತಲೆಯ ಮೇಲಿನ ಸೆರಗಿನೊಳಗಿಂದ ಕೈ ಹೊರಗೆ ತೆಗೆದು ಆಕೆಯನ್ನು ತಡೆದಳು. "ಅವ್ರ ಹೇಳ್ಲಿ."

ಹಿಂದೆ ಕೂತವರು ಕತ್ತು ಎತ್ತಿ ನೋಡಿದರು, ಒಂದು ಕೂಸು ಅತ್ತು ತಾನೇ ಸುಮ್ಮನಾಯಿತು. ಗಂಡನನ್ನು ಮಣ್ಣು ಮಾಡಿ ಮೂರು ದಿನವಾದ ಆ ಹೆಂಗಸು ನನ್ನ ಮುಖ ನೋಡುತ್ತ ಕೂತಳು, ತನಗೆ ಬೇರೆ ಯಾವ ಕೆಲಸವೂ ಇಲ್ಲವೆಂಬಂತೆ.

"ನನ್ನ ಸಾಲಿ" ಎಂದೆ. ಮತ್ತೆ ಬಹಳ ಹೊತ್ತು. "ಚಾಚಾ ಕೊಟ್ಟಿದ್ದು."

ಚಾಚಿ ನನ್ನ ಕೈ ಹಿಡಿದುಕೊಂಡಳು. "ಹೇಳಿದಿ. ನಾ ಕೇಳ್ದೆ" ಎಂದಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು. "ಈಗ ಹೋಗು ಬೇಟಾ, ಮಕ್ಕಳು ಬಂದಿರ್ತಾವ."

ನಾನು ಎದ್ದು ಹುಡಗಿಗೆ ಹೋದೆ. ಆ ದಿನ ಹಾಜರಿ ಕರೆಯುವುದರಲ್ಲೇ ಮೊದಲನೆಯ ಪಿರಿಯಡ್ ಮುಗಿದುಹೋಯಿತು. ಮಕ್ಕಳು ಕಾದರು.